ಮಗುವಿನ ಕುತ್ತಿಗೆ ವಾಲಿದಾಗ: ನೆಟ್ಟಗೆ ಮಾಡಲು ಹೋಗುವ ಮುಂಚೆ ಮಾಡಬೇಕಾದ ಕೆಲಸಗಳು

ಮುಂಬೈಯ ನಮ್ಮ ಕನ್ನಡ ಮನೆಗಳಲ್ಲಿ ಈ ವಿಷಯದಲ್ಲಿ ಮತ್ತೆ ಮತ್ತೆ ಆಗುವ ಎಡವಟ್ಟು ಒಂದೇ. ಮಗುವಿನ ತಲೆ ಒಂದು ಕಡೆ ವಾಲಿದೆ ಎಂದು ಗೊತ್ತಾದ ಕೂಡಲೇ ಯಾರಾದರೂ ಒಬ್ಬರು ಕೈ ಹಾಕಿ ನೆಟ್ಟಗೆ ಮಾಡಲು ನೋಡುತ್ತಾರೆ. ಊರಿಂದ ಬಾಣಂತನಕ್ಕೆ ಬಂದ ಅಜ್ಜಿ ಎಣ್ಣೆ ಬಿಸಿ ಮಾಡುತ್ತಾರೆ. ಮಗುವಿಗೆ ಎಣ್ಣೆ ತಿಕ್ಕಲು ಬರುವ ಹೆಂಗಸು, ಮಾಲೀಶ್ ಬಾಯಿ, "ಉಳುಕು, ಒಂದೇ ಸಲಕ್ಕೆ ಬಿಡಿಸ್ತೀನಿ" ಎನ್ನುತ್ತಾಳೆ. ಅಪ್ಪ ಫೋನಿನಲ್ಲಿ ವಿಡಿಯೊ ನೋಡಿ ಸ್ಟ್ರೆಚ್ ಶುರು ಮಾಡುತ್ತಾರೆ. ಇನ್ನು ಕೆಲವರು ಇದರ ಉಲ್ಟಾ, "ಬೆಳೀತಾ ಸರಿಹೋಗುತ್ತೆ" ಎಂದು ತಿಂಗಳುಗಟ್ಟಲೆ ಸುಮ್ನೆ ಇರುತ್ತಾರೆ.

ಕುತ್ತಿಗೆ ವಾಲುವುದಕ್ಕೆ ಹತ್ತಾರು ಕಾರಣ ಇರುತ್ತವೆ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಎರಡು ತಿಂಗಳ ಕೂಸಿಗೆ ಔಷಧಿಯಂತೆ ಕೆಲಸ ಮಾಡುವ ಸ್ಟ್ರೆಚ್ಚನ್ನೇ ಬಂಕ್ ಬೆಡ್‌ನಿಂದ ಬಿದ್ದ ನಾಲ್ಕು ವರ್ಷದ ಮಗುವಿಗೆ ಮಾಡಿದರೆ ಬೆನ್ನುಹುರಿಗೇ ಅಪಾಯ. ಅದಕ್ಕೇ ಇಲ್ಲಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಮೊದಲು ನೋಡುವುದು, ಆಮೇಲೆ ಕೇಳುವುದು. ಮುಟ್ಟುವುದು ಕೊನೆಗೆ.

## ಮೊದಲೇ ಜೋಡಿಸಿ ಇಡಬೇಕಾದ ಸಾಮಾನು

ದೊಡ್ಡ ಖರ್ಚೇನಿಲ್ಲ. ಒಂದು ಡಿಜಿಟಲ್ ಥರ್ಮಾಮೀಟರ್, ಎರಡು ಟವೆಲ್, ಸದ್ದು ಮಾಡುವ ಒಂದು ಆಟಿಕೆ, ಲಸಿಕೆ ಕಾರ್ಡು, ಫೋಟೋ ತೆಗೆಯಲು ಫೋನು. ಮಗುವಿನ ಈಗಿನ ತೂಕ ಎಲ್ಲಾದರೂ ಬರೆದಿರಲಿ. ಔಷಧಿ ಲೆಕ್ಕಕ್ಕೆ ಅದೇ ಬೇಕು.

ಇನ್ನೊಂದು ಸಾಮಾನು ಹೆಚ್ಚಿನ ಮನೆಗಳಲ್ಲಿ ಇರುವುದಿಲ್ಲ. ಹಗಲು ಹೊತ್ತು ಮಗುವಿನ ಜೊತೆ ಅಜ್ಜಿ ಮಾತ್ರ ಇರುತ್ತಾರೆ, ಅವರಿಗೆ ಮರಾಠಿ, ಹಿಂದಿ ಅಷ್ಟಾಗಿ ಬರುವುದಿಲ್ಲ, ಅಲ್ವಾ? ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಫ್ರಿಜ್ ಮೇಲೆ ಅಂಟಿಸಿ: ಆಂಬುಲೆನ್ಸಿಗೆ 108. ಅದರ ಕೆಳಗೆ, "ಬಾಳ್ ಪಡ್ಲಂ, ಮಾನೇಲಾ ಮಾರ್ ಲಾಗ್ಲಾ ಆಹೇ." ಮಗು ಬಿದ್ದಿದೆ, ಕುತ್ತಿಗೆಗೆ ಪೆಟ್ಟಾಗಿದೆ ಎಂದು. ಅದರ ಕೆಳಗೆ, "ಮಾನ್ ಹಲ್ವೂ ನಕಾ." ಕುತ್ತಿಗೆ ಅಲ್ಲಾಡಿಸಬೇಡಿ ಎಂದು. ಈ ಎರಡನೆಯ ಮಾತು ಓಡಿ ಬರುವ ಅಕ್ಕಪಕ್ಕದವರಿಗೆ. ಜೊತೆಗೆ ಬಿಲ್ಡಿಂಗಿನ ಹೆಸರು, ವಿಂಗು, ಹತ್ತಿರದ ಗುರುತು. ಡೊಂಬಿವಿಲಿಯಲ್ಲೋ ಭಾಂಡೂಪಿನಲ್ಲೋ ಒಂದೇ ಹೆಸರಿನ ಸೊಸೈಟಿ ಜಾಸ್ತಿ, ಗುರುತು ಹೇಳದಿದ್ದರೆ ಗಾಡಿ ಸುತ್ತುತ್ತಲೇ ಇರುತ್ತದೆ.

## ಹಂತ 1: ಮುಟ್ಟದೆ ಮೂರು ಪ್ರಶ್ನೆ

ಬಿದ್ದಿದೆಯಾ, ಪೆಟ್ಟಾಗಿದೆಯಾ? ಯಾರೂ ನೋಡಿಲ್ಲ ಎಂದರೆ "ಬಿದ್ದಿಲ್ಲ" ಎಂದು ಬರೆದುಕೊಳ್ಳಬೇಡಿ, "ಗೊತ್ತಿಲ್ಲ" ಎಂದುಕೊಳ್ಳಿ. ಶಾಲೆ, ಕ್ರೆಷ್, ಪಕ್ಕದ ಮನೆಯ ಹುಡುಗರು, ಎಲ್ಲರನ್ನೂ ಬೈಯದೆ ಕೇಳಿ. ಬೈದರೆ ನಿಜ ಹೊರಗೆ ಬರುವುದಿಲ್ಲ. ಬಿದ್ದಿದ್ದರೆ ಅಥವಾ ಅನುಮಾನ ಇದ್ದರೆ ಹಂತ 2.

ಯಾವಾಗಿನಿಂದ? ಇವತ್ತು, ನಿನ್ನೆ ಶುರುವಾಗಿದ್ದರೆ ಹಂತ 3. ಹುಟ್ಟಿದ ಕೆಲವು ವಾರಗಳಿಂದ ನಿಧಾನಕ್ಕೆ ಕಾಣುತ್ತಿದ್ದರೆ ಹಂತ 5.

ಈಚೆಗೆ ಜ್ವರ, ಗಂಟಲು ನೋವು, ಹೊಸ ಔಷಧಿ, ಟಾನ್ಸಿಲ್ ಆಪರೇಷನ್? ಇದನ್ನು ಡಾಕ್ಟರ ಹತ್ತಿರ ಹೇಳಲು ಹೆಚ್ಚಿನವರು ಮರೆಯುತ್ತಾರೆ. ಕುತ್ತಿಗೆಗೂ ಕಳೆದ ವಾರದ ಗಂಟಲು ನೋವಿಗೂ ಏನು ಸಂಬಂಧ ಎನಿಸುತ್ತದೆ. ಸಂಬಂಧ ಇದೆ, ಮುಂದೆ ಬರುತ್ತದೆ.

ಉತ್ತರ ಸಿಕ್ಕಿದ ಮೇಲೆ ಎದುರಿನಿಂದ ಒಂದು ಫೋಟೋ, ಮಗು ತಾನೇ ತಲೆ ತಿರುಗಿಸುವಾಗ ಒಂದು ಸಣ್ಣ ವಿಡಿಯೊ ತೆಗೆಯಿರಿ. ಬಿದ್ದ ಮಗುವಿಗೆ ಮಾತ್ರ ವಿಡಿಯೊ ಬೇಡ, "ತಿರುಗಿಸಿ ತೋರಿಸು" ಎನ್ನುವುದೂ ಬೇಡ.

## ಹಂತ 2: ಬಿದ್ದಿದ್ದರೆ

ಎಂಟು ವರ್ಷದೊಳಗಿನ ಮಕ್ಕಳ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು, ಭಾರ. ಕುತ್ತಿಗೆಯ ಸ್ನಾಯುಗಳಲ್ಲಿ ಬಲ ಕಡಿಮೆ, ಮೂಳೆ ಕಟ್ಟಿ ಹಿಡಿಯುವ ಪಟ್ಟಿಗಳು ಸಡಿಲ. ಅದಕ್ಕೆ ಅವರಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಕುತ್ತಿಗೆಯ ಮೇಲ್ಭಾಗಕ್ಕೆ, ತಲೆಬುರುಡೆಯ ಬುಡದ ಹತ್ತಿರ. ಉಸಿರಾಟದ ನರಗಳು ಹೊರಡುವ ಜಾಗ ಅದರ ಪಕ್ಕದಲ್ಲೇ ಇದೆ.

ಮಾಡಬೇಕಾದ ಕ್ರಮ ಇದು:

1. ಉಸಿರು ನೋಡಿ. ಉಸಿರಾಡುತ್ತಿಲ್ಲ ಎಂದರೆ ಕುತ್ತಿಗೆಗಿಂತ ಉಸಿರೇ ಮೊದಲು. 108ಕ್ಕೆ ಫೋನ್ ಹಚ್ಚಿ ಸ್ಪೀಕರ್ ಹಾಕಿ, ತಲೆ ಹಿಂದಕ್ಕೆ ಬಾಗಿಸದೆ ಕೆಳದವಡೆಯನ್ನು ಎರಡೂ ಕಡೆಯಿಂದ ಮುಂದಕ್ಕೆ ಎತ್ತಿ, ಗೊತ್ತಿದ್ದವರು ಸಿಪಿಆರ್ (ಎದೆ ಒತ್ತಿ, ಉಸಿರು ಕೊಡುವುದು) ಶುರು ಮಾಡಲಿ.

2. ಉಸಿರು ಸರಿ ಇದೆ, ಎಚ್ಚರ ಇದೆ ಎಂದರೆ ಮಗು ಇದ್ದ ಜಾಗದಲ್ಲೇ ಇರಲಿ. ಮುಖದ ನೇರಕ್ಕೆ ಬಂದು ಕೂತು ಮಾತಾಡಿಸಿ. ಹಿಂದಿನಿಂದ ಕರೆದರೆ ಮಗು ತಿರುಗುತ್ತದೆ.

3. ಎರಡೂ ಕೈಯನ್ನು ಕಿವಿಗಳ ಪಕ್ಕಕ್ಕೆ ಇಟ್ಟು ತಲೆಗೆ ಆಸರೆ ಕೊಡಿ. ತಲೆ ಯಾವ ಓರೆಯಲ್ಲಿದೆಯೋ ಅದೇ ಓರೆಯಲ್ಲಿ. ಅದನ್ನು ನೇರ ಮಾಡಲು ಹೋಗಬಾರದು. ಆ ಓರೆಯೇ ಈಗ ಬೆನ್ನುಹುರಿಯನ್ನು ಕಾಪಾಡುತ್ತಿರಬಹುದು.

4. ಕೈ ಸೋತರೆ ಎರಡು ಟವೆಲ್ ಸುರುಳಿ ಸುತ್ತಿ ತಲೆಯ ಆಚೆ ಈಚೆ ಇಡಿ. ತಲೆಯ ಕೆಳಗೆ ದಿಂಬು ಬೇಡ.

5. ವಾಂತಿ ಬಂದರೆ ತಲೆ ಒಂದನ್ನೇ ಪಕ್ಕಕ್ಕೆ ತಿರುಗಿಸಬೇಡಿ. ಒಬ್ಬರು ತಲೆ, ಇನ್ನೊಬ್ಬರು ಭುಜ ಮತ್ತು ಸೊಂಟ ಹಿಡಿದು ಇಡೀ ಮೈಯನ್ನು ಒಟ್ಟಿಗೆ ಮಗ್ಗುಲಿಗೆ ಹೊರಳಿಸಿ.

6. ಡಾಕ್ಟರು ನೋಡುವ ತನಕ ನೀರು, ಹಾಲು, ಸಕ್ಕರೆ ಏನೂ ಕೊಡಬೇಡಿ. ಬಿದ್ದ ಮಗುವಿಗೆ ಮೊದಲು ನೀರು ಕುಡಿಸುವುದು ನಮ್ಮ ಮನೆಗಳ ಅಭ್ಯಾಸ. ಇಲ್ಲಿ ಅದನ್ನು ತಡೆಯುವುದೇ ಕಷ್ಟದ ಕೆಲಸ.

ಮಗು ಒದ್ದಾಡಿ ಅಳುತ್ತಿದ್ದರೆ ಒತ್ತಿ ಹಿಡಿಯಬೇಡಿ. ಜಗ್ಗಾಟದಲ್ಲಿ ಕುತ್ತಿಗೆಗೆ ಇನ್ನೂ ಜಾಸ್ತಿ ಪೆಟ್ಟಾಗುತ್ತದೆ. ಅದು ತಾನೇ ಆರಿಸಿಕೊಂಡ ಭಂಗಿಯಲ್ಲಿ ಇರಲು ಬಿಡಿ. ಕಾರ್ ಸೀಟಿನಲ್ಲಿ ಇದ್ದ ಮಗುವನ್ನು, ಹೊಗೆ ಬೆಂಕಿ ಇಲ್ಲದಿದ್ದರೆ, ಆಂಬುಲೆನ್ಸ್ ಬರುವವರೆಗೆ ಹೊರಗೆ ತೆಗೆಯಬೇಡಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ದೊಡ್ಡವರ ಕಾಲರನ್ನು, ಅಂದರೆ ಕುತ್ತಿಗೆ ಪಟ್ಟಿಯನ್ನು, ಕಟ್ ಮಾಡಿ ಹಾಕುವುದು ಬೇಡವೇ ಬೇಡ. ಅಳತೆ ತಪ್ಪಿದ ಕಾಲರ್ ಗದ್ದವನ್ನು ಮೇಲಕ್ಕೆ ನೂಕುತ್ತದೆ.

ಮುಂಬೈಯಲ್ಲಿ ಇನ್ನೊಂದು ಆಸೆ ಹುಟ್ಟುತ್ತದೆ: ಟ್ರಾಫಿಕ್ ಇದೆ, ರಿಕ್ಷಾದಲ್ಲಿ ಹತ್ತು ನಿಮಿಷ, ಎತ್ತಿಕೊಂಡು ಹೋಗಿಬಿಡೋಣ ಎಂದು. ಮಳೆಗಾಲದ ಗುಂಡಿಗಳಲ್ಲಿ ರಿಕ್ಷಾ ಹೇಗೆ ಕುಣಿಯುತ್ತದೆ ಎಂದು ನಿಮಗೇ ಗೊತ್ತು. ಲೋಕಲ್ ಟ್ರೈನಂತೂ ಮಾತೇ ಇಲ್ಲ. ಕೆಳಗಿನ ಗುರುತುಗಳಲ್ಲಿ ಒಂದಿದ್ದರೂ 108ಕ್ಕೇ ಕಾಯಿರಿ:

- ಕುತ್ತಿಗೆಯ ಹಿಂದೆ, ಸರಿಯಾಗಿ ನಡುವಿನ ಮೂಳೆಯ ಮೇಲೆ ನೋವು
- ಕೈಕಾಲಿನಲ್ಲಿ ಜೋಮು, ಬಲ ಇಲ್ಲದಿರುವುದು, ನಡಿಗೆ ತಪ್ಪುವುದು
- ಎಚ್ಚರ ತಪ್ಪಿ ಎದ್ದಿರುವುದು, ಮಂಪರು, ಮತ್ತೆ ಮತ್ತೆ ವಾಂತಿ
- ಗೊತ್ತಿಲ್ಲದೆ ಮೂತ್ರ ಹೋಗುವುದು
- ಮಗು ಕುತ್ತಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲಾಡಿಸಲು ಒಪ್ಪದಿರುವುದು
- ಮೂರಡಿಗಿಂತ ಎತ್ತರದಿಂದ ಅಥವಾ ಐದು ಮೆಟ್ಟಿಲಿನಿಂದ ಬಿದ್ದದ್ದು, ವಾಹನ ಗುದ್ದಿದ್ದು, ತಲೆ ಕೆಳಗಾಗಿ ಬಿದ್ದದ್ದು

ಮೂರು ವರ್ಷದೊಳಗಿನ ಮಗುವಿಗೆ "ಎಲ್ಲಿ ನೋವು" ಎಂದು ಹೇಳಲು ಬರುವುದಿಲ್ಲ. ಅಲ್ಲಿ ಬಿದ್ದ ಎತ್ತರವನ್ನೇ ಜಾಸ್ತಿ ನಂಬಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಕೀಲು ಮೊದಲೇ ಸಡಿಲ ಇರಬಹುದು. ಅವರಿಗೆ ಸಣ್ಣ ಪೆಟ್ಟಾದರೂ ತೋರಿಸಿ.

ಎಲ್ಲಿಗೆ ಎಂದರೆ, ಮಕ್ಕಳ ಎಮರ್ಜೆನ್ಸಿ ಇರುವ ಕಡೆಗೆ. ಪರೇಲಿನಲ್ಲಿ ಮಕ್ಕಳಿಗಾಗಿಯೇ ವಾಡಿಯಾ ಆಸ್ಪತ್ರೆ ಇದೆ, ಅಲ್ಲೇ ಕೆಇಎಂ ಇದೆ. ಮಾಟುಂಗಾ, ಕುರ್ಲಾ ಕಡೆಯವರಿಗೆ ಸಾಯನ್ ಆಸ್ಪತ್ರೆ ಹತ್ತಿರ. ಉಪನಗರದವರು ತಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸಿಟಿ ಸ್ಕ್ಯಾನ್ ನಡೆಯುತ್ತದೆ ಎಂದು ಇವತ್ತೇ ಕೇಳಿಟ್ಟುಕೊಳ್ಳಿ.

ಇಲ್ಲಿ ಆಗುವ ದೊಡ್ಡ ತಪ್ಪು: "ಎಕ್ಸ್‌ರೇ ನಾರ್ಮಲ್" ಎಂದ ಕೂಡಲೇ ಮರೆತುಬಿಡುವುದು. ಮಕ್ಕಳ ಮೂಳೆ ಮತ್ತು ಕೀಲು ಬಾಗಿ ವಾಪಸ್ ಬರುತ್ತವೆ, ಒಳಗಿನ ಬೆನ್ನುಹುರಿಗೆ ಅಷ್ಟು ಜಗ್ಗಾಟ ತಡೆಯುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣದೆ ಬೆನ್ನುಹುರಿಗೆ ಏಟಾಗಿರಬಹುದು. ಜೋಮು, ನಿಶ್ಶಕ್ತಿ ಕೆಲವು ಗಂಟೆ ಅಥವಾ ಕೆಲವು ದಿನ ಬಿಟ್ಟು ಕಾಣಿಸಿಕೊಳ್ಳುವುದೂ ಉಂಟು. ಮೂಳೆ ನೋಡಲು ಸಿಟಿ, ಬೆನ್ನುಹುರಿ ನೋಡಲು ಎಂಆರ್‌ಐ. ಮನೆಗೆ ಕಳಿಸಿದ ಮೇಲೆ ಲಕ್ಷಣ ಬಂದರೆ ಮತ್ತೆ ಹೋಗಿ, ಮೊದಲ ಎಕ್ಸ್‌ರೇ ಜೊತೆಗಿರಲಿ.

ಒಬ್ಬರ ಮೇಲೊಬ್ಬರು ಹತ್ತಿ ಮೊಸರು ಗಡಿಗೆ ಒಡೆಯುವ ದಹಿಹಂಡಿ ಸಮಯದಲ್ಲಿ ಗಲ್ಲಿಯ ಗೋವಿಂದಾ ತಂಡದವರು ಹಗುರ ಇರುವ ಹುಡುಗರನ್ನು ಹುಡುಕಿಕೊಂಡು ಬರುತ್ತಾರೆ. ನಿಮ್ಮ ಮಗುವನ್ನು ಮೇಲಿನ ಸಾಲಿಗೆ ಹತ್ತಿಸಲು ಕೇಳಿದರೆ ಇಲ್ಲ ಎನ್ನಿ, ಅದಕ್ಕೆ ಇದಕ್ಕಿಂತ ಉದ್ದ ವಿವರಣೆ ಬೇಕಿಲ್ಲ.

## ಹಂತ 3: ಪೆಟ್ಟಿಲ್ಲ, ಆದರೂ ದಿಢೀರ್ ವಾಲಿದೆ

ಇಲ್ಲಿ ಮೊದಲು ಅಪಾಯದ ಕಾರಣಗಳನ್ನು ತೆಗೆದುಹಾಕಬೇಕು. ಆಮೇಲೆ ಮಾತ್ರ "ನಿದ್ದೆಯಲ್ಲಿ ಹಿಡಿದಿರಬೇಕು" ಎನ್ನಬಹುದು. ಥರ್ಮಾಮೀಟರ್ ತೆಗೆದುಕೊಳ್ಳಿ.

ಜ್ವರದ ಜೊತೆ ಜೊಲ್ಲು ಸೋರುತ್ತಿದ್ದರೆ, ನುಂಗಲು ಆಗದಿದ್ದರೆ, ದನಿ ಬದಲಾಗಿದ್ದರೆ ಅಥವಾ ಉಸಿರಿನಲ್ಲಿ ಸದ್ದು ಇದ್ದರೆ ಗಂಟಲಿನ ಹಿಂದೆ ಕೀವು ತುಂಬಿರಬಹುದು. ಚಮಚ ಹಾಕಿ ಗಂಟಲು ನೋಡಲು ಹೋಗಬೇಡಿ. ಕೂತ ಭಂಗಿಯಲ್ಲೇ ಆಸ್ಪತ್ರೆಗೆ. ಜ್ವರ, ತಲೆನೋವು, ವಾಂತಿ, ಬೆಳಕು ಕಂಡರೆ ಕಿರಿಕಿರಿ, ಮಂಪರು ಇದ್ದರೆ ಮೆದುಳು ಪೊರೆಯ ಸೋಂಕಿನ ಅನುಮಾನ. ಇವೆರಡರಲ್ಲೂ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಜ್ವರ ಇಲ್ಲದೆ, ದಿನಾ ಬೆಳಗ್ಗೆ ಎದ್ದಾಗ ತಲೆನೋವು, ವಾಂತಿ, ನಡೆಯುವಾಗ ಓಲಾಟ, ಹೊಸದಾಗಿ ಮೆಳ್ಳಗಣ್ಣು ಕಂಡರೆ ಮೆದುಳಿನ ಹಿಂಭಾಗದ ಗಡ್ಡೆಯೂ ಕಾರಣ ಆಗಬಹುದು. ಅಪರೂಪ ಹೌದು. ಆದರೆ ಇಂಥ ಮಗುವನ್ನು ಬರೀ ಮಾಲೀಶ್‌ಗೆ ಕಳಿಸಬಾರದು.

ವಾಂತಿಗೆ ಕೊಟ್ಟ ಔಷಧಿಯಿಂದಲೂ ಕುತ್ತಿಗೆ ತಿರುಚಿಕೊಳ್ಳುತ್ತದೆ. ಮೆಟೊಕ್ಲೊಪ್ರಮೈಡ್ ಥರದ ಔಷಧಿ ಕೊಟ್ಟ ಮೇಲೆ ಕಣ್ಣು ಮೇಲಕ್ಕೆ ಹೋಗಿ, ನಾಲಿಗೆ ಹೊರಗೆ ಬಂದು, ಕುತ್ತಿಗೆ ಒಂದು ಕಡೆ ಎಳೆದುಕೊಂಡರೆ ಮನೆಯವರು ಫಿಟ್ಸ್ ಎಂದೋ ದೃಷ್ಟಿ ಎಂದೋ ಹೆದರುತ್ತಾರೆ. ಇದಕ್ಕೆ ಮದ್ದು ಇದೆ, ಬೇಗ ಸರಿಹೋಗುತ್ತದೆ. ಔಷಧಿಯ ಬಾಟಲಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ಮುಂದಿನ ಡೋಸ್ ಕೊಡಬೇಡಿ.

ಇನ್ನು ಗಂಟಲು ನೋವಿನ ವಿಷಯ. ಗಂಟಲಿನ ಸೋಂಕು ಅಥವಾ ಟಾನ್ಸಿಲ್ ಆಪರೇಷನ್ ಆದ ಕೆಲವು ದಿನಗಳಲ್ಲಿ ಕುತ್ತಿಗೆ ಓರೆಯಾಗಿ ಅಲ್ಲೇ ನಿಂತರೆ, ಮೇಲಿನ ಎರಡು ಮೂಳೆಗಳು ಒಂದರ ಮೇಲೊಂದು ತಿರುಗಿ ಸಿಕ್ಕಿಕೊಂಡಿರಬಹುದು. ಸಣ್ಣ ಪೆಟ್ಟಿನಿಂದಲೂ ಹೀಗಾಗುತ್ತದೆ. ಬೇಗ ಗೊತ್ತಾದರೆ ಕಾಲರ್, ನೋವಿನ ಔಷಧಿ, ಬೇಕಾದರೆ ಆಸ್ಪತ್ರೆಯಲ್ಲಿ ಟ್ರ್ಯಾಕ್ಷನ್ (ಕುತ್ತಿಗೆಯನ್ನು ಮೆಲ್ಲಗೆ ಎಳೆದಿಡುವುದು), ಇಷ್ಟರಲ್ಲೇ ಸರಿಹೋಗುವ ಸಾಧ್ಯತೆ ಜಾಸ್ತಿ. ವಾರಗಟ್ಟಲೆ ಬಿಟ್ಟರೆ ಆಪರೇಷನ್ ತನಕ ಹೋಗಬಹುದು. "ಉಳುಕು ತೆಗೆಯುವವರ" ಕೈಗೆ ಕೊಡಲೇಬಾರದ ಕುತ್ತಿಗೆ ಇದು.

ಒಂದು ವರ್ಷದೊಳಗಿನ ಮಗುವಿಗೆ ಹೊಸದಾಗಿ ವಾಲಿದ್ದರೆ, ಬೇರೆ ಲಕ್ಷಣ ಇರಲಿ ಬಿಡಲಿ, ಡಾಕ್ಟರೇ ನೋಡಬೇಕು.

## ಹಂತ 4: ಬೆಳಗ್ಗೆ ಎದ್ದಾಗ ಹಿಡಿದ ಕುತ್ತಿಗೆ

ಸ್ವಲ್ಪ ದೊಡ್ಡ ಮಗು, ಪೆಟ್ಟಿಲ್ಲ, ಜ್ವರ ಇಲ್ಲ, ಮೇಲಿನ ಯಾವುದೂ ಇಲ್ಲ, ತಿಂಡಿ ತಿಂದು ಟಿವಿ ನೋಡುತ್ತಿದೆ. ಆಗ ಮಾತ್ರ ಮನೆ ಮದ್ದು.

ಬೆಚ್ಚನೆ ಬಟ್ಟೆಯ ಶಾಖ, ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ. ಮೊದಲು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ನೋಡಿ. ಮಲಗಿದ ಮಗುವಿಗೆ ಹಾಟ್ ವಾಟರ್ ಬ್ಯಾಗ್ ಕಟ್ಟಿ ಬಿಟ್ಟು ಹೋಗಬೇಡಿ.

ನೋವಿಗೆ ಪ್ಯಾರಾಸಿಟಮಾಲ್, ಒಂದು ಡೋಸಿಗೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆ ಬಿಟ್ಟು, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಬಾಟಲಿ ಓದಿ ಕೊಡಿ. ಸಿರಪ್ಪಿನಲ್ಲೇ 5 ಎಂಎಲ್‌ಗೆ 120, 250 ಹೀಗೆ ಬೇರೆ ಬೇರೆ ಬರುತ್ತದೆ, ಡ್ರಾಪ್ಸಿನಲ್ಲಿ 1 ಎಂಎಲ್‌ಗೇ 100 ಇರುತ್ತದೆ. 12 ಕಿಲೋ ಮಗುವಿಗೆ 180 ಮಿಲಿಗ್ರಾಂ ಎಂದರೆ 250ರ ಸಿರಪ್ಪಿನಲ್ಲಿ 3.6 ಎಂಎಲ್. ಅಷ್ಟೇ ಡ್ರಾಪ್ಸ್ ಕೊಟ್ಟರೆ 360 ಆಗಿಬಿಡುತ್ತದೆ, ಸರಿಯಾಗಿ ಎರಡರಷ್ಟು. ಆಸ್ಪಿರಿನ್ ಮಕ್ಕಳಿಗೆ ಬೇಡ. ಮಳೆಗಾಲದಲ್ಲಿ ಜ್ವರವೂ ಶುರುವಾದರೆ ಡೆಂಗಿ ಇಲ್ಲ ಎಂದು ಖಾತ್ರಿಯಾಗುವವರೆಗೆ ಐಬುಪ್ರೊಫೆನ್ ಕೂಡ ಬೇಡ.

ಕುತ್ತಿಗೆ ತಿರುಗಿಸುವುದು ಮಗುವಿನ ಕೆಲಸ, ನಿಮ್ಮದಲ್ಲ. ಆಟಿಕೆ ಆಚೆ ಈಚೆ ತೋರಿಸಿ, ನೋವಾಗದಷ್ಟು ಅದೇ ತಿರುಗಲಿ. ಎರಡು ದಿನದಲ್ಲಿ ಸ್ವಲ್ಪವೂ ಕಡಿಮೆಯಾಗದಿದ್ದರೆ ಡಾಕ್ಟರು. ಒಂದು ವಾರವಂತೂ ದಾಟಲೇಬಾರದು.

## ಹಂತ 5: ಹಸುಗೂಸಿನ ಕುತ್ತಿಗೆ ಪರೀಕ್ಷೆ

ಹುಟ್ಟಿದ ಮಕ್ಕಳಲ್ಲಿ ಸಾಮಾನ್ಯ ಕಾರಣ ಕಿವಿಯ ಹಿಂದಿನಿಂದ ಎದೆಮೂಳೆಯವರೆಗೆ ಓರೆಯಾಗಿ ಇಳಿಯುವ ಸ್ನಾಯು ಗಿಡ್ಡವಾಗಿರುವುದು. ಬಲಗಡೆಯದು ಗಿಡ್ಡವಾದರೆ ತಲೆ ಬಲಕ್ಕೆ ವಾಲುತ್ತದೆ, ಗದ್ದ ಎಡಕ್ಕೆ ತಿರುಗುತ್ತದೆ. ಕೆಲವು ಮಕ್ಕಳಲ್ಲಿ ಎರಡರಿಂದ ನಾಲ್ಕು ವಾರದ ಹೊತ್ತಿಗೆ ಆ ಸ್ನಾಯುವಿನಲ್ಲಿ ಗಟ್ಟಿ ಗಂಟು ಸಿಗುತ್ತದೆ. ತಿಂಗಳುಗಳಲ್ಲಿ ತಾನೇ ಕರಗುವುದೇ ಹೆಚ್ಚು, ಆದರೆ ಗಂಟು ಯಾವುದೆಂದು ಡಾಕ್ಟರು ಹೇಳಬೇಕು. ಅದನ್ನು ತಿಕ್ಕಿ ಕರಗಿಸಲು ಮಾಲೀಶ್ ಬಾಯಿಗೆ ಹೇಳಬೇಡಿ.

6, 10, 14 ವಾರದ ಲಸಿಕೆಗೆ ಹೇಗೂ ಹೋಗುತ್ತೀರಿ. ಅದರ ಹಿಂದಿನ ದಿನ, ಹೊಟ್ಟೆ ಹಸಿದಿರದ, ನಿದ್ದೆ ಬಂದಿರದ ಹೊತ್ತಿನಲ್ಲಿ ಹೀಗೆ ನೋಡಿ:

1. ಚಾಪೆಯ ಮೇಲೆ ಅಂಗಾತ ಮಲಗಿಸಿ. ಗದ್ದ, ಹೊಕ್ಕುಳು ಒಂದೇ ಗೆರೆಯಲ್ಲಿದೆಯಾ?
2. ಮುಖದಿಂದ ಒಂದು ಗೇಣು ದೂರದಲ್ಲಿ ಆಟಿಕೆ ಹಿಡಿದು ನಿಧಾನಕ್ಕೆ ಬಲಕ್ಕೆ, ಆಮೇಲೆ ಎಡಕ್ಕೆ ಒಯ್ಯಿರಿ. ಗದ್ದ ಎರಡೂ ಭುಜದ ಕಡೆ ಒಂದೇ ಸಮ ಹೋಗುತ್ತದೆಯಾ? ಆರು ವಾರದ ಮಗು ಆಟಿಕೆಗಿಂತ ನಿಮ್ಮ ಮುಖವನ್ನೇ ಚೆನ್ನಾಗಿ ನೋಡುತ್ತದೆ.
3. ತಲೆಯ ಮೇಲಿನಿಂದ ಫೋಟೋ ತೆಗೆಯಿರಿ. ಹಿಂಭಾಗ ಒಂದು ಕಡೆ ಚಪ್ಪಟೆಯಾಗಿದೆಯಾ, ಒಂದು ಕಿವಿ ಮುಂದೆ ಬಂದಿದೆಯಾ?
4. ಹಾಲು ಕುಡಿಯುವಾಗ ಒಂದೇ ಕಡೆ ಸುಲಭ, ಇನ್ನೊಂದು ಕಡೆ ಜಗಳವಾ?

ವ್ಯತ್ಯಾಸ ಕಂಡರೆ ಲಸಿಕೆಯ ದಿನವೇ ಡಾಕ್ಟರಿಗೆ ಹೇಳಿ, ಜೊತೆಗೆ ಎರಡು ವಿಷಯ ಕೇಳಿ. ಒಂದು, ಸೊಂಟದ ಕೀಲು ನೋಡಿದಿರಾ? ಇಂಥ ಮಕ್ಕಳಲ್ಲಿ ಕೆಲವರಿಗೆ ಸೊಂಟದ ಕೀಲೂ ಸರಿಯಾಗಿ ಕೂತಿರುವುದಿಲ್ಲ. ಎರಡು, ಕಣ್ಣು ನೋಡಬೇಕಾ? ಎರಡು ಚಿತ್ರ ಕಾಣುವುದನ್ನು ತಪ್ಪಿಸಲು ತಲೆ ಓರೆ ಮಾಡುವ ಮಕ್ಕಳಿದ್ದಾರೆ. ಅವರ ಕುತ್ತಿಗೆ ಸಲೀಸಾಗಿ ಎರಡೂ ಕಡೆ ತಿರುಗುತ್ತದೆ, ಮಲಗಿದಾಗ ಓರೆ ಹೆಚ್ಚಾಗಿ ಮಾಯವಾಗುತ್ತದೆ. ಅವರಿಗೆ ಎಷ್ಟು ಸ್ಟ್ರೆಚ್ ಮಾಡಿದರೂ ದಂಡ.

## ಹಂತ 6: ದಿನದ ಕೆಲಸ

ಡಾಕ್ಟರು "ಸ್ನಾಯುವಿನದ್ದೇ" ಎಂದು ಹೇಳಿದ ಮೇಲೆ ಶುರು. ಮೊದಲ ಮೂರು ತಿಂಗಳಲ್ಲಿ ಶುರು ಮಾಡಿದವರಿಗೆ ಬೇಗ ಗುಣ ಸಿಗುತ್ತದೆ. ತಡವಾದಷ್ಟೂ ತಿಂಗಳುಗಳು ಉದ್ದ. ಖಾಸಗಿ ಫಿಸಿಯೋಥೆರಪಿ ದುಬಾರಿ ಎನಿಸಿದರೆ ಕೆಇಎಂ, ಸಾಯನ್, ನಾಯರ್ ಥರದ ಮುನ್ಸಿಪಲ್ ಆಸ್ಪತ್ರೆಗಳಲ್ಲೂ ಆ ವಿಭಾಗ ಇದೆ.

ಹೊಟ್ಟೆಯ ಮೇಲೆ ಮಲಗಿಸುವುದು. ಎಚ್ಚರ ಇರುವಾಗ, ಎದುರಿಗೆ ಯಾರಾದರೂ ಇರುವಾಗ. ಮೂರು ನಾಲ್ಕು ನಿಮಿಷದಿಂದ ಶುರು ಮಾಡಿ ದಿನವಿಡೀ ಸೇರಿ ಅರ್ಧ ಗಂಟೆಗೆ ತನ್ನಿ. ಅಳುವ ಮಗುವನ್ನು ಅಪ್ಪನ ಎದೆಯ ಮೇಲೆ ಬೋರಲು ಮಲಗಿಸಿದರೂ ಲೆಕ್ಕಕ್ಕೆ ಬರುತ್ತದೆ.

ಮನೆಯನ್ನೇ ಬದಲಾಯಿಸುವುದು. ಒಂದೇ ರೂಮಿನ ಮನೆಯಲ್ಲಿ ಮಗು ಯಾವಾಗಲೂ ಬಾಗಿಲು, ಟಿವಿ ಅಥವಾ ಅಡಿಗೆ ಕಟ್ಟೆಯ ಕಡೆಗೇ ನೋಡುತ್ತದೆ. ಗದ್ದ ಎಡಕ್ಕೆ ತಿರುಗುವ ಮಗುವನ್ನು, ಆ ಗದ್ದಲ ಎಲ್ಲ ಅದರ ಬಲಕ್ಕೆ ಬರುವಂತೆ, ತಲೆ ಕಾಲು ಅದಲು ಬದಲು ಮಾಡಿ ಮಲಗಿಸಿ. ಖರ್ಚಿಲ್ಲದ ಕೆಲಸ, ಆದರೂ ಇದನ್ನೇ ಎಲ್ಲರೂ ಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಗುಣ ಇದರಲ್ಲೇ ಇದೆ.

ಎತ್ತಿಕೊಳ್ಳುವುದು. ಬಲಕ್ಕೆ ವಾಲುವ ಮಗುವಾದರೆ, ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ಬಲ ಮಗ್ಗುಲಿಗೆ ಅಡ್ಡ ಹಿಡಿಯಿರಿ. ನಿಮ್ಮ ಮುಂಗೈ ಅದರ ಬಲ ಕಿವಿ ಮತ್ತು ಬಲ ಭುಜದ ನಡುವೆ ಬಂದು ತಲೆಯನ್ನು ಮೆಲ್ಲಗೆ ಮೇಲೆತ್ತಲಿ, ಇನ್ನೊಂದು ಕೈ ಕಾಲುಗಳ ನಡುವೆ ಇರಲಿ. ಮೊದಲ ಸಲ ಫಿಸಿಯೋ ಎದುರಿಗೆ ಮಾಡಿ ತೋರಿಸಿ.

ಸ್ಟ್ರೆಚ್. ಎಷ್ಟು ಸೆಕೆಂಡು, ಎಷ್ಟು ಸಲ ಎಂದು ಫಿಸಿಯೋ ಬರೆದುಕೊಡಲಿ. ಹಾಲು ಕುಡಿದ ಕೂಡಲೇ ಬೇಡ. ಮಗು ಎದುರು ಬಲ ಹಾಕಿದರೆ ಬಿಡಿ. ಬಣ್ಣ ಬದಲಾದರೆ, ಉಸಿರು ಕಟ್ಟಿದರೆ, ಚೀರಿದರೆ ನಿಲ್ಲಿಸಿ ಫೋನ್ ಮಾಡಿ. ಸ್ನಾನಕ್ಕೆ ಮುಂಚಿನ ಎಣ್ಣೆ ತೊಂದರೆಯಿಲ್ಲ, ಕಾಲ ಮೇಲೆ ಹಾಕಿಕೊಂಡು ತಲೆ ಹಿಡಿದು ಜಗ್ಗುವುದು, ತಿರುಗಿಸುವುದು ಬೇಡ. ಮಾಲೀಶ್ ಬಾಯಿಗೆ ಮೊದಲ ದಿನವೇ ಹೇಳಿಬಿಡಿ.

ಮಲಗುವುದು. ಅಂಗಾತ, ಗಟ್ಟಿ ಸಮತಟ್ಟು ಹಾಸಿಗೆ. ತಲೆ ಗುಂಡಗಾಗಲಿ ಎಂದು ತರುವ ಸಾಸಿವೆ ದಿಂಬು, ಸುರುಳಿ ಬಟ್ಟೆ ಯಾವುದೂ ನಿದ್ದೆಯ ಹೊತ್ತಿನಲ್ಲಿ ಬೇಡ, ಉಸಿರು ಕಟ್ಟುವ ಅಪಾಯ ಇದೆ. ಸೀರೆಯ ಜೋಲಿಯಲ್ಲಿ ಗಂಟೆಗಟ್ಟಲೆ ಮಲಗಿಸಿದರೆ ಗದ್ದ ಎದೆಗೆ ಮಡಚಿಕೊಳ್ಳುತ್ತದೆ, ವಾಲಿದ ಕಡೆಗೇ ಇನ್ನೂ ವಾಲುತ್ತದೆ. ನಿದ್ದೆ ಬಂದ ಮೇಲೆ ಕೆಳಗಿಳಿಸಿ.

## ಹಂತ 7: ಲೆಕ್ಕ ಇಡುವುದು, ಮತ್ತೆ ತೋರಿಸುವುದು

ವಾರಕ್ಕೊಂದು ಫೋಟೋ, ಅದೇ ಜಾಗ, ಅದೇ ಬೆಳಕು. ದಿನಾ ನೋಡುವ ಕಣ್ಣಿಗೆ ಬದಲಾವಣೆ ಗೊತ್ತಾಗುವುದಿಲ್ಲ. ಊರಿಗೆ ಹೋದಾಗ ಒಂದು ತಿಂಗಳು ಬಿಟ್ಟುಹೋಗುವುದು ಇಲ್ಲಿನ ಮಾಮೂಲಿ ತೊಡಕು. ಉಡುಪಿಗೋ ಹುಬ್ಬಳ್ಳಿಗೋ ಹೊರಡುವ ಮುಂಚೆ ಅಲ್ಲಿ ಮಾಡಬೇಕಾದದ್ದನ್ನು ಬರೆಸಿಕೊಂಡು, ಅಜ್ಜಿಗೂ ಒಂದು ಸಲ ಮಾಡಿ ತೋರಿಸಿ.

ಆರು ತಿಂಗಳು ಸರಿಯಾಗಿ ಮಾಡಿದ ಮೇಲೂ, ವರ್ಷ ತುಂಬುವ ಹೊತ್ತಿಗೆ ಕುತ್ತಿಗೆ ಪೂರ್ತಿ ತಿರುಗುತ್ತಿಲ್ಲ ಎಂದರೆ ಮಕ್ಕಳ ಮೂಳೆ ಡಾಕ್ಟರ ಹತ್ತಿರ ಆಪರೇಷನ್ ಮಾತು ಬರಬಹುದು. ಬಿಗಿದ ಸ್ನಾಯುವನ್ನು ಬಿಡಿಸುವ ಆಪರೇಷನ್ ಅದು. ಆಮೇಲೂ ಫಿಸಿಯೋ ತಪ್ಪುವುದಿಲ್ಲ.

ಗುಣವಾದ ಮಗುವಿಗೂ ಜ್ವರ ಬಂದಾಗ, ತುಂಬಾ ದಣಿದಾಗ, ಹೊಸದಾಗಿ ನಡೆಯಲು ಕಲಿಯುವಾಗ ಓರೆ ಸ್ವಲ್ಪ ಇಣುಕುತ್ತದೆ. ಮೂರು ನಾಲ್ಕು ದಿನದಲ್ಲಿ ಹೋದರೆ ಚಿಂತೆ ಇಲ್ಲ. ಉಳಿದರೆ, ಅಥವಾ ಈ ಸಲ ತಲೆ ಇನ್ನೊಂದು ಕಡೆಗೆ ವಾಲುತ್ತಿದ್ದರೆ, ಹಳೇ ಸ್ಟ್ರೆಚ್ ಶುರು ಮಾಡದೆ ಫೋಟೋ ತೆಗೆದು, ಹಂತ 1ರ ಮೂರು ಪ್ರಶ್ನೆಗಳ ಉತ್ತರ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ.